ಯೋಷೀಯನಿಗಾಗಿ ಅತ್ತವರು

ಯೆಹೂದದ ಅರಸ ಯೋಷೀಯ ಕ್ರಿ.ಪೂ. 609ರಲ್ಲಿ ಈಜಿಪ್ಟಿನ ಫರೋಹ ನೆಕೋವಿಗೆ ಎದುರಾಗಿ ಮೆಗಿದ್ದೋವಿನಲ್ಲಿ ಪೆಟ್ಟು ತಿಂದು ಸತ್ತ. ಎಂಟನೆಯ ವಯಸ್ಸಿಗೆ ಪಟ್ಟವೇರಿ 31 ವರ್ಷ ಆಳಿದವನು. ದೇವಾಲಯದ ದುರಸ್ತಿಯ ವೇಳೆ ಸಿಕ್ಕ ಧರ್ಮಶಾಸ್ತ್ರವನ್ನು ಓದಿಸಿ ಕೇಳಿ ಬಟ್ಟೆ ಹರಿದುಕೊಂಡವನು. ವಿಗ್ರಹಗಳನ್ನು ಕೆಡವಿಸಿ ಪಸ್ಕಹಬ್ಬವನ್ನು ಮತ್ತೆ ನಡೆಸಿದವನು. ಬೈಬಲ್ ಓದಿದವರಿಗೆ ಇದೆಲ್ಲ ಗೊತ್ತಿರುವ ಕಥೆ. ತಕರಾರು ಇರುವುದು ಅವನ ಸಾವಿನ ನಂತರದ ಅಳುವಿನ ಬಗ್ಗೆ: ಯಾರು ಅತ್ತರು, ಯಾತಕ್ಕೆ ಅತ್ತರು, ಆ ಅಳುವಿನ ಹಾಡುಗಳು ಏನಾದವು?

‘ಅರಸುಗಳು’ ಗ್ರಂಥದಲ್ಲಿ ಅಳುವೇ ಇಲ್ಲ. ಯೋಷೀಯನಂಥ ಅರಸ ಹಿಂದೆಯೂ ಇರಲಿಲ್ಲ, ಮುಂದೆಯೂ ಬರಲಿಲ್ಲ ಎಂದು ಹೊಗಳುವ ಅದೇ ಗ್ರಂಥ ಅವನ ಸಾವನ್ನು ಎರಡೇ ವಚನಗಳಲ್ಲಿ ಮುಗಿಸುತ್ತದೆ. ನೆಕೋ ಕಂಡ, ಕೊಂದ. ಸೇವಕರು ಹೆಣವನ್ನು ರಥದಲ್ಲಿ ಜೆರುಸಲೇಮಿಗೆ ತಂದು ಹೂಳಿದರು. ಸಮಾಧಾನದಿಂದ ಸಮಾಧಿ ಸೇರುವೆ ಎಂದು ಪ್ರವಾದಿನಿ ಹುಲ್ದ ಅವನಿಗೆ ಹೇಳಿದ್ದಳು. ಆ ಮಾತಿಗೂ ಈ ಸಾವಿಗೂ ತಾಳೆಯಾಗುವುದಿಲ್ಲ. ಸ್ಟ್ಯಾನ್ಲಿ ಫ್ರಾಸ್ಟ್ ಎಂಬ ವಿದ್ವಾಂಸ 1968ರಲ್ಲಿ ಈ ಮೌನವನ್ನೇ ವಿಷಯವಾಗಿಸಿಕೊಂಡು, ಇದು ಬೇಕೆಂದೇ ಬಾಯಿ ಮುಚ್ಚಿಕೊಂಡದ್ದು ಎಂದು ವಾದಿಸಿದ. ಧರ್ಮದಿಂದ ನಡೆದವನಿಗೆ ಒಳಿತಾಗುತ್ತದೆ ಎಂಬ ನಂಬಿಕೆಯ ಮೇಲೆ ಚರಿತ್ರೆ ಕಟ್ಟುವವನಿಗೆ ಯೋಷೀಯನ ಹೆಣ ನುಂಗಲಾರದ ತುತ್ತು.

ಎರಡು ಶತಮಾನಕ್ಕೂ ಹೆಚ್ಚು ಕಾಲದ ಮೇಲೆ ಬಂದ ‘ಪೂರ್ವಕಾಲವೃತ್ತಾಂತ’ ಆ ಮೌನವನ್ನು ಮುರಿಯುತ್ತದೆ. ಅದರ ಪ್ರಕಾರ ನೆಕೋ ದೂತರ ಮೂಲಕ ಎಚ್ಚರಿಸುತ್ತಾನೆ, ಯೋಷೀಯ ಕೇಳದೆ ವೇಷ ಮರೆಸಿಕೊಂಡು ರಣಕ್ಕಿಳಿಯುತ್ತಾನೆ, ಬಾಣ ತಗಲುತ್ತದೆ, ಇನ್ನೊಂದು ರಥಕ್ಕೆ ಸಾಗಿಸುತ್ತಾರೆ. ಆಮೇಲೆ ಇಡೀ ಯೆಹೂದ ಗೋಳಾಡುತ್ತದೆ. ಪ್ರವಾದಿ ಯೆರೆಮೀಯ ಶೋಕಗೀತ ಕಟ್ಟುತ್ತಾನೆ. ಹಾಡುವ ಗಂಡಸರೂ ಹೆಂಗಸರೂ ಅರಸನ ಹೆಸರು ಹಿಡಿದು ಹಾಡುವುದು ಇಸ್ರಾಯೇಲಿನಲ್ಲಿ ಕಟ್ಟಳೆಯೇ ಆಗುತ್ತದೆ. ಅಲ್ಲಿಗೆ ಅಳು ಮನೆಯ ದುಃಖವಾಗಿ ಉಳಿಯದೆ ನಾಡಿನ ನಿಯಮವಾಯಿತು.

ಆ ಹಾಡುಗಳು ‘ಪ್ರಲಾಪಗಳು’ ಎಂಬ ಪುಸ್ತಕದಲ್ಲೇ ಇವೆ ಎಂಬುದು ಹಳೆಯ ನಂಬಿಕೆ. ಯೆರೆಮೀಯನ ಶೋಕಗೀತ ತನ್ನ ಕಾಲದಲ್ಲೂ ಉಳಿದಿದೆ ಎಂದು ಕ್ರಿ.ಶ. ಮೊದಲನೆಯ ಶತಮಾನದ ಯೆಹೂದಿ ಇತಿಹಾಸಕಾರ ಜೋಸೆಫಸ್ ಬರೆದ. ಆದರೆ ಪುಸ್ತಕದ ಐದು ಪದ್ಯಗಳಲ್ಲಿ ಇರುವುದು ಸುಟ್ಟ ನಗರ, ಹಾಳಾದ ದೇವಾಲಯ, ಹಸಿವಿನಿಂದ ಬೀದಿಯಲ್ಲಿ ಕುಸಿಯುವ ಮಕ್ಕಳು. 609ರಲ್ಲಿ ಇದಾವುದೂ ಆಗಿರಲಿಲ್ಲ. ನಾಲ್ಕನೆಯ ಪದ್ಯದಲ್ಲಿ ಶತ್ರುವಿನ ಕೈಗೆ ಸಿಕ್ಕಿಬೀಳುವ ಅಭಿಷಿಕ್ತನನ್ನು ಯೆಹೂದಿ ಧರ್ಮಗುರುಗಳಾದ ರಬ್ಬಿಗಳು ಯೋಷೀಯ ಎಂದರು. ಇಂದಿನ ವಿದ್ವಾಂಸರಲ್ಲಿ ಹಲವರಿಗೆ ಅವನು ಕೊನೆಯ ಅರಸ ಚಿದ್ಕೀಯ.

ಯೆರೆಮೀಯನ ಹೆಸರಿನ ಗ್ರಂಥದಲ್ಲಂತೂ ಯೋಷೀಯನ ಶೋಕಗೀತವೇ ಇಲ್ಲ. ಇಪ್ಪತ್ತೆರಡನೆಯ ಅಧ್ಯಾಯದಲ್ಲಿ ಪ್ರವಾದಿ ಹೇಳುವುದು ತಿರುಗುಮುರುಗು: ಸತ್ತವನಿಗಾಗಿ ಅಳಬೇಡಿ, ದೇಶ ಬಿಟ್ಟು ಒಯ್ಯಲ್ಪಟ್ಟವನಿಗಾಗಿ ಅಳಿರಿ. ಒಯ್ಯಲ್ಪಟ್ಟವನು ಯೋಷೀಯನ ಮಗ. ಮೂರು ತಿಂಗಳು ಆಳುವಷ್ಟರಲ್ಲಿ ನೆಕೋ ಅವನನ್ನು ಈಜಿಪ್ಟಿಗೆ ಸಾಗಿಸಿದ್ದ. ಮುಂದೆ ಪ್ರವಾದಿ ಇನ್ನೊಬ್ಬ ಮಗ ಯೆಹೋಯಾಕೀಮನತ್ತ ತಿರುಗುತ್ತಾನೆ. ಆಳುಗಳಿಗೆ ಕೂಲಿ ಕೊಡದೆ ಅರಮನೆ ಕಟ್ಟಿಸಿ, ದೇವದಾರು ಹೊದಿಸಿ, ಕೆಂಬಣ್ಣ ಬಳಿಸಿದವನು ಇವನು. ನಿನ್ನಪ್ಪನೂ ಉಂಡ, ಕುಡಿದ; ಆದರೆ ಬಡವರ ವ್ಯಾಜ್ಯವನ್ನು ನ್ಯಾಯವಾಗಿ ತೀರಿಸಿದ ಎಂಬುದು ಅವನಿಗೆ ಸಿಗುವ ಬೈಗುಳದ ಸಾರ. ಕೆಡವಿದ ವಿಗ್ರಹಗಳ ಮಾತು ಇಲ್ಲಿಲ್ಲ, ಸಿಕ್ಕ ಗ್ರಂಥದ ಮಾತೂ ಇಲ್ಲ. ಯೋಷೀಯನನ್ನು ಕಂಡಿದ್ದ ಪ್ರವಾದಿಯ ಬಾಯಲ್ಲಿ ಉಳಿದ ಚರಮಗೀತ ಯಾವುದಾದರೂ ಇದ್ದರೆ ಅದು ಈ ಬೈಗುಳವೇ.

ಜೆಕರ್ಯನ ಗ್ರಂಥದಲ್ಲಿ ಮೆಗಿದ್ದೋ ಬಯಲಿನ ಗೋಳಾಟವೊಂದರ ಪ್ರಸ್ತಾಪವಿದೆ: ಮುಂದೊಂದು ದಿನ ಜೆರುಸಲೇಮಿನಲ್ಲಿ ಅಂಥದೇ ಶೋಕ ಏಳುತ್ತದೆ, ಒಂದೊಂದು ಮನೆತನ ಬೇರೆ ಬೇರೆಯಾಗಿ, ಹೆಂಗಸರು ಬೇರೆಯಾಗಿ ಅಳುತ್ತಾರೆ. ಕ್ರಿ.ಶ. ನಾಲ್ಕನೆಯ ಶತಮಾನದ ಹೊತ್ತಿಗೆ ಬಾಬಿಲೋನಿನ ಪುಂಬೆದಿತಾ ವಿದ್ಯಾಪೀಠದಲ್ಲಿದ್ದ ಗುರು ರವ್ ಯೋಸೇಫ್ ಕಣ್ಣು ಕಾಣದವನು. ನೆನಪಿನ ಶಕ್ತಿಗೆ ಹೆಸರಾಗಿದ್ದವನು. ಅರಮಾಯಿಕ್ ಅನುವಾದ ಇಲ್ಲದಿದ್ದರೆ ಈ ವಚನ ತನಗೆ ಅರ್ಥವೇ ಆಗುತ್ತಿರಲಿಲ್ಲ ಎಂದು ಅವನು ಒಪ್ಪಿಕೊಂಡ. ಆ ಅನುವಾದ ಯೋಷೀಯನ ಶೋಕದ ಜೊತೆಗೆ ದುಷ್ಟನೆಂದು ಹೆಸರಾದ ಅಹಾಬನ ಶೋಕವನ್ನೂ ಸೇರಿಸುತ್ತದೆ. ಒಳ್ಳೆಯ ಅರಸನಿಗೂ ಕೆಟ್ಟ ಅರಸನಿಗೂ ನಾಡು ಒಂದೇ ಸಮ ಅತ್ತಿತ್ತು ಎಂದಾಯಿತು.

ಯೋಷೀಯನ ಸಾವಿನ ತಪ್ಪನ್ನು ರಬ್ಬಿಗಳು ಹಂಚಿದರು. ಅರಸ ಯೆರೆಮೀಯನ ಮಾತು ಕೇಳಲಿಲ್ಲ ಎಂಬುದು ಒಂದು ಪಾಲು. ಇನ್ನೊಂದು ಪಾಲು ಪ್ರಜೆಗಳದು: ಬಾಗಿಲಿನ ಎರಡು ಕದಗಳಿಗೂ ವಿಗ್ರಹದ ಅರ್ಧರ್ಧ ಭಾಗ ಕೂರಿಸಿದ್ದರಂತೆ. ಅರಸನ ತನಿಖೆಯವರು ಕದ ತೆರೆದು ಒಳಬಂದರೆ ಏನೂ ಕಾಣದು. ಅವರು ಹೊರಗೆ ಹೋಗಿ ಕದ ಮುಚ್ಚಿದರೆ ವಿಗ್ರಹ ಕೂಡಿಕೊಳ್ಳುವುದು. ತನ್ನ ಜನ ಶುದ್ಧರೆಂದು ನಂಬಿದ ಅರಸ ಆ ಧೈರ್ಯದಲ್ಲೇ ಮೆಗಿದ್ದೋವಿಗೆ ಹೋದ.

ಕಟ್ಟಳೆಯ ಹಾಡುಗಳು ಕಳೆದುಹೋದರೂ ಅಳು ಹೊಸ ಜಾಗ ಹುಡುಕಿಕೊಂಡಿತು. ದೇವಾಲಯದ ನಾಶಕ್ಕಾಗಿ ಯೆಹೂದಿಗಳು ಆವ್ ತಿಂಗಳ ಒಂಬತ್ತನೆಯ ದಿನ ಉಪವಾಸವಿದ್ದು, ನೆಲದ ಮೇಲೋ ಗಿಡ್ಡ ಮಣೆಯ ಮೇಲೋ ಕೂತು ಶೋಕಗೀತ ಓದುತ್ತಾರೆ. ಅಶ್ಕೆನಾಜಿ ಎಂಬ ಯೆಹೂದಿ ಪಂಗಡದ ಪಾಠದಲ್ಲಿ ಕವಿ ಎಲಿಯಾಜರ್ ಕಲ್ಲೀರ್ ಯೋಷೀಯನ ಸಾವಿನ ಮೇಲೆ ಕಟ್ಟಿದ ಗೀತವೂ ಇದೆ. ಅರಸನ ಶೋಕ ನಗರದ ಶೋಕದೊಳಗೆ ಸೇರಿ ಬದುಕಿಕೊಂಡಿತು.

ಕದದ ಹಿಂದೆ ವಿಗ್ರಹ ಇಟ್ಟುಕೊಂಡವರೇ ಗೋಳಾಡಿದ್ದರೆ, ಆ ಕಟ್ಟಳೆ ಅರಸನ ನೆನಪೋ, ಪ್ರಜೆಗಳ ತಪ್ಪೊಪ್ಪಿಗೆಯೋ? ವರ್ಷವರ್ಷವೂ ಅಳುವುದು ಹೆಚ್ಚೋ, ಅಪ್ಪನ ನ್ಯಾಯವನ್ನು ಮಗನ ಮುಖಕ್ಕೆ ಹಿಡಿದ ಯೆರೆಮೀಯನ ನೆನಪು ಹೆಚ್ಚೋ? ಹೆಚ್ಚಿನದು ಎರಡನೆಯದೇ ಎನ್ನುವುದಾದರೆ, ಆ ಬೈಗುಳ ಯೆಹೋಯಾಕೀಮನನ್ನು ತಿದ್ದಲಿಲ್ಲವೇಕೆ, ಇತ್ತ ಅಳು ಮಾತ್ರ ಇಂದಿಗೂ ನಿಲ್ಲದೆ ಬಂದಿರುವುದೇಕೆ?