ಕಿವಿಗೊಡುವುದೂ ಒಂದು ಕೆಲಸ

(ಪೋಷಕರ ಸಭೆಯೊಂದರಲ್ಲಿ ಆಪ್ತಸಮಾಲೋಚಕರೊಬ್ಬರು ಮಾಡಿದ ಭಾಷಣದ ಬರಹ ರೂಪ)





ನನ್ನನ್ನು ಪರಿಚಯಿಸಿದವರು, ದೊಡ್ಡ ಸಂಬಳದ ಸಾಫ್ಟ್‌ವೇರ್ ಉದ್ಯೋಗವನ್ನು ತ್ಯಾಗ ಮಾಡಿ ಬಂದವರು ಎಂದರು. ಅವರ ಪ್ರೀತಿಗೆ ಋಣಿ. ಆದರೆ ತ್ಯಾಗ ಎಂಬ ದೊಡ್ಡ ಪದಕ್ಕೆ ನಾನು ಅರ್ಹನಲ್ಲ. ನಾನು ದಣಿದು ಹೊರಬಂದವನು.

ಬೆಂಗಳೂರಿನಲ್ಲಿ 14 ವರ್ಷ ದುಡಿದೆ. ಕೊನೆಯ ವರ್ಷಗಳಲ್ಲಿ ವಿದೇಶಿ ಗ್ರಾಹಕರ ವ್ಯವಸ್ಥೆ ನಿಂತುಹೋದರೆ ರಾತ್ರಿ ಎದ್ದು ಸರಿಪಡಿಸುವುದು ನನ್ನ ಹೊಣೆ. ದಿಂಬಿನ ಪಕ್ಕದಲ್ಲಿ ಫೋನು. ಅದು ಮೊಳಗದ ರಾತ್ರಿಯೂ ನಿದ್ದೆ ಬರುತ್ತಿರಲಿಲ್ಲ. ಎದೆಯಲ್ಲಿ ಭಾರ ಕಾಣಿಸಿಕೊಂಡಾಗ ಹೃದಯದ ಎಲ್ಲ ಪರೀಕ್ಷೆಗಳೂ ಆದವು, ದೋಷವೇನೂ ಇರಲಿಲ್ಲ. ವರದಿಗಳನ್ನು ಮಡಚಿಟ್ಟ ವೈದ್ಯರು, "ನೀವು ಯಾರ ಜೊತೆ ಮಾತಾಡುತ್ತೀರಿ?" ಎಂದು ಕೇಳಿದರು. ದಿನಕ್ಕೆ ಆರು ಸಭೆಗಳಲ್ಲಿ ಮಾತಾಡುತ್ತಿದ್ದ ನನಗೆ ಉತ್ತರ ಹೊಳೆಯಲಿಲ್ಲ.

ಉದ್ಯೋಗದ ಒತ್ತಡವನ್ನು ದೀರ್ಘಕಾಲ ನಿಭಾಯಿಸಲಾಗದೆ ಉಂಟಾಗುವ ಈ ಬಳಲಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ತನ್ನ ವರ್ಗೀಕರಣದಲ್ಲಿ ವಿವರಿಸಿದೆ. ಅದನ್ನು ರೋಗವೆಂದು ಕರೆಯಲಿಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನ ಎಂದಿತು. ಈ ವ್ಯತ್ಯಾಸ ಸಣ್ಣದಲ್ಲ. ನಮ್ಮ ಮನೆಗಳಲ್ಲಿ ಇಂತಹ ಮಗನನ್ನು ಒಂದೋ ಸೋಮಾರಿ ಎನ್ನುತ್ತಾರೆ, ಇಲ್ಲವೇ ಯಾರದೋ ಕಣ್ಣು ಬಿದ್ದಿದೆ ಎನ್ನುತ್ತಾರೆ. ಅವನ ಕೆಲಸದ ಗಂಟೆಗಳೆಷ್ಟು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಮುಂದೆ ಮನಃಶಾಸ್ತ್ರ ಓದಿದೆ, ಹಿರಿಯರೊಬ್ಬರ ಮೇಲ್ವಿಚಾರಣೆಯಲ್ಲಿ ತರಬೇತಿ ಪಡೆದೆ. ಆ ದಿನಗಳ ಒಂದು ಸೋಲನ್ನು ಗುರುತು ಸಿಗದಂತೆ ಬದಲಿಸಿ ಹೇಳುತ್ತೇನೆ. ವ್ಯಾಪಾರದಲ್ಲಿ ನಷ್ಟವಾಗಿ ಅಂಗಡಿ ಮುಚ್ಚಿದ ಯುವಕನೊಬ್ಬ ಬಂದಿದ್ದ. ಅವನು ಮಾತು ಮುಗಿಸುವ ಮೊದಲೇ ನಾನು ಕಾಗದ ತೆಗೆದುಕೊಂಡು ಮೂರು ಪರಿಹಾರ ಬರೆದುಕೊಟ್ಟೆ. ಸಾಫ್ಟ್‌ವೇರ್‌ನಲ್ಲಿ ಹದಿನಾಲ್ಕು ವರ್ಷ ಮಾಡಿದ್ದು ಅದನ್ನೇ ಅಲ್ಲವೇ, ದೋಷ ಕಂಡೊಡನೆ ತಿದ್ದುವುದು! ಅವನು ಕಾಗದವನ್ನು ಕಿಸೆಗೆ ಹಾಕಿಕೊಳ್ಳುತ್ತಾ, "ಸರ್, ಇದನ್ನೆಲ್ಲ ನನ್ನ ಅಣ್ಣನೂ ಹೇಳಿದ್ದಾನೆ" ಎಂದ. ಮತ್ತೆ ಬರಲಿಲ್ಲ. ನನ್ನ ಮೇಲ್ವಿಚಾರಕರು ಒಂದೇ ಪ್ರಶ್ನೆ ಕೇಳಿದರು: "ಅಂಗಡಿಗೆ ಕೊನೆಯ ಬಾರಿ ಬೀಗ ಹಾಕಿ ಅವನು ಎಲ್ಲಿಗೆ ಹೋದ?" ನನಗೆ ಗೊತ್ತಿರಲಿಲ್ಲ. ಕೇಳಿರಲಿಲ್ಲ.

ಕೇಳಿಸಿಕೊಳ್ಳುವವರಿಗಾಗಿ ಮನುಷ್ಯ ಎಷ್ಟು ಹಸಿದಿರುತ್ತಾನೆ ಎಂಬುದಕ್ಕೆ ನನ್ನ ಹಳೆಯ ವೃತ್ತಿಯಿಂದಲೇ ಒಂದು ಉದಾಹರಣೆ ಇದೆ. ಅಮೆರಿಕದ ಎಂಐಟಿಯಲ್ಲಿ ಜೋಸೆಫ್ ವೈಝೆನ್‌ಬಾಮ್ ಎಂಬ ವಿಜ್ಞಾನಿ 1966ರಲ್ಲಿ 'ಎಲೈಝಾ' ಎಂಬ ಕಂಪ್ಯೂಟರ್ ಪ್ರೋಗ್ರಾಮನ್ನು ಪ್ರಕಟಿಸಿದರು. ನಾವು ಬರೆದ ವಾಕ್ಯವನ್ನೇ ತಿರುಗಿಸಿ ಪ್ರಶ್ನೆಯಾಗಿ ಮರಳಿಸುವುದಷ್ಟೇ ಅದರ ಜಾಣತನ. ಅದಕ್ಕೆ ಏನೂ ಅರ್ಥವಾಗುತ್ತಿರಲಿಲ್ಲ. ಆದರೂ ಅದು ತಯಾರಾಗುವುದನ್ನು ತಿಂಗಳುಗಟ್ಟಲೆ ಕಂಡಿದ್ದ ಅವರ ಕಾರ್ಯದರ್ಶಿಯೇ ಅದರೊಡನೆ ಮಾತಿಗೆ ಕುಳಿತು, ಸ್ವಲ್ಪ ಹೊತ್ತಿನಲ್ಲೇ ವೈಝೆನ್‌ಬಾಮ್‌ರನ್ನು ಕೋಣೆಯಿಂದ ಹೊರಹೋಗುವಂತೆ ಕೇಳಿಕೊಂಡರಂತೆ. ಅವರು ಬೆಚ್ಚಿದರು. 1976ರಲ್ಲಿ ಪುಸ್ತಕ ಬರೆದು, ಯಂತ್ರಕ್ಕೆ ಒಪ್ಪಿಸಬಾರದ ಕೆಲಸಗಳಿವೆ ಎಂದು ವಾದಿಸಿದರು. ಇಂದು ನಮ್ಮ ಮಕ್ಕಳ ಕೈಯಲ್ಲಿರುವ ಯಂತ್ರಗಳು ಅದಕ್ಕಿಂತ ಎಷ್ಟೋ ಪಟ್ಟು ಚೆನ್ನಾಗಿ ಮಾತಾಡುತ್ತವೆ. ನಡುರಾತ್ರಿ ಮಗಳು ಫೋನಿಗೆ ತನ್ನ ದುಃಖ ಬರೆಯುತ್ತಿದ್ದರೆ ಫೋನನ್ನು ಕಸಿದುಕೊಳ್ಳುವ ಮೊದಲು, ಪಕ್ಕದ ಕೋಣೆಯಲ್ಲಿರುವ ನಮ್ಮ ಬಳಿಗೆ ಅವಳು ಏಕೆ ಬರಲಿಲ್ಲ ಎಂದು ಯೋಚಿಸಬೇಕು.

ಬರದಿರಲು ಕಾರಣವಿದೆ. ವಿಷಯ ಹೊರಗೆ ಹೋದರೆ ಮದುವೆ ಸಂಬಂಧ ತಪ್ಪೀತು ಎಂಬ ಭಯ, ನಿನ್ನ ಈಮಾನ್ ದುರ್ಬಲವಾಗಿದೆ ಎಂಬ ತೀರ್ಪಿನ ಭಯ. ಬಲ್ಖ್‌ನ ಅಬೂ ಝೈದ್ ಅಲ್ ಬಲ್ಖಿ ಹತ್ತನೇ ಶತಮಾನದಲ್ಲಿ ತೀರಿಕೊಂಡವರು. ಅವರು ದೇಹ ಮತ್ತು ಮನಸ್ಸು ಎರಡರ ಕ್ಷೇಮದ ಬಗ್ಗೆಯೂ ಒಂದೇ ಗ್ರಂಥ ಬರೆದು, ದೇಹದಂತೆ ಮನಸ್ಸೂ ಕಾಯಿಲೆ ಬೀಳುತ್ತದೆ, ಅದಕ್ಕೂ ಆರೈಕೆ ಬೇಕು ಎಂದು ತಿಳಿಸಿದ್ದರು. ಜ್ವರ ಬಂದ ಮಗನ ಈಮಾನನ್ನು ನಾವು ಅಳೆಯುವುದಿಲ್ಲವಲ್ಲ!

ಕೇಳಿಸಿಕೊಂಡರೆ ಎಲ್ಲವೂ ಗುಣವಾಗುತ್ತದೆ ಎಂದು ತಿಳಿಯಬೇಡಿ. ವಾರಗಟ್ಟಲೆ ನಿದ್ದೆಯಿಲ್ಲದಿದ್ದರೆ, ಊಟ ಬಿಟ್ಟರೆ, ಬದುಕು ಸಾಕು ಎಂದರೆ ಮನೋವೈದ್ಯರ ಬಳಿಗೆ ಹೋಗಲೇಬೇಕು. ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಬದಲಾಗಿ, ಹೇಳಲಾಗದೆ ಒಳಗೇ ಉಳಿದದ್ದು ಹೊರಬರುತ್ತದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸೇವೆಗೆ 14416ಕ್ಕೆ ಕರೆ ಮಾಡಬಹುದು. ಹಗಲು ರಾತ್ರಿ ಲಭ್ಯ, ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಪೊಲೀಸ್ ಕೇಸಿಗೆ ಹೆದರಿ ಆತ್ಮಹತ್ಯಾ ಯತ್ನವನ್ನು ಮುಚ್ಚಿಡುವ ಕುಟುಂಬಗಳಿವೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಪರಿಗಣಿಸುತ್ತದೆ, ಆರೈಕೆ ಒದಗಿಸುವ ಹೊಣೆಯನ್ನು ಸರಕಾರದ ಮೇಲಿಡುತ್ತದೆ.

ಉದ್ಯೋಗ ಬದಲಿಸಬೇಕೆಂದಿರುವ ಯುವಕರಿಗೆ ಒಂದು ಮಾತು. ಸಿಟ್ಟಿನಲ್ಲಿ ರಾಜೀನಾಮೆ ಬರೆಯಬೇಡಿ. ನನ್ನ ಬಳಿ ಒಂದೂವರೆ ವರ್ಷಕ್ಕಾಗುವಷ್ಟು ಉಳಿತಾಯವಿತ್ತು, ಮನೆ ಸಾಲ ತೀರಿತ್ತು, ಪತ್ನಿಗೆ ಶಾಲೆಯಲ್ಲಿ ಕೆಲಸವಿತ್ತು. ಹಾಗಿದ್ದೂ ಆದಾಯ ಮೂರನೇ ಒಂದು ಭಾಗಕ್ಕೆ ಇಳಿದಾಗ ಕೈ ನಡುಗಿತು. ಎಷ್ಟೋ ಮಂದಿಗೆ ವೃತ್ತಿ ಬಿಡುವ ಅಗತ್ಯವೇ ಇರುವುದಿಲ್ಲ. ತಂಡ ಬದಲಾದರೆ, ರಾತ್ರಿ ಪಾಳಿ ತಪ್ಪಿದರೆ ಸಾಕಾಗುತ್ತದೆ.

ನಾನು ಕೆಲಸ ಬಿಟ್ಟಾಗ ತಂದೆಯವರು ಮೂರು ತಿಂಗಳು ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಅವರದು ತಪ್ಪೆನ್ನಲಾರೆ, ನನ್ನ ಶುಲ್ಕಕ್ಕಾಗಿ ಜಮೀನು ಮಾರಿದವರು ಅವರು. ಉಮ್ಮ ಮಾತ್ರ ದಿನಾ ಫೋನ್ ಮಾಡಿ, "ನಿದ್ದೆ ಬಂತಾ ಮಗಾ?" ಎಂದು ಕೇಳಿ ಇಡುತ್ತಿದ್ದರು. ಒಂದು ಸಂಜೆ ಊರಿನ ಮನೆಯ ಜಗಲಿಯಲ್ಲಿ ತಂದೆಯವರು ಪಕ್ಕದಲ್ಲಿ ಬಂದು ಕುಳಿತರು. "ಅಲ್ಲಿ ನಿನಗೆ ಏನಾಗುತ್ತಿತ್ತು, ಹೇಳು" ಎಂದರು. ಇಶಾದ ಅಝಾನ್ ಕೇಳಿಸುವವರೆಗೂ ನಾನು ಹೇಳುತ್ತಲೇ ಇದ್ದೆ. ಅವರು ನಡುವೆ ಒಂದು ಮಾತನ್ನೂ ಆಡಲಿಲ್ಲ. ಏಳುವಾಗ ನನ್ನ ಹೆಗಲನ್ನು ಆಧರಿಸಿ ಎದ್ದರು.

ಪ್ರಶ್ನೆಗಳಿದ್ದರೆ ಈಗ ಕೇಳಬಹುದು. ಎಲ್ಲರೆದುರು ಕೇಳಲಾಗದವರಿಗಾಗಿ ಸಭೆ ಮುಗಿದ ಮೇಲೂ ಒಂದು ಗಂಟೆ ಇಲ್ಲೇ ಇರುತ್ತೇನೆ.