ಕಸೂತಿಗೆ ದಾರ ಪೋಣಿಸುವ ಕ್ರಮ

(ಹಾನಗಲ್, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳ ರೈತ ಮಹಿಳೆಯರಿಗಾಗಿ ಮಾಡಿದ ಭಾಷಣ)



ಈ ನಾಲ್ಕೂ ತಾಲ್ಲೂಕುಗಳು 1997ರವರೆಗೆ ಧಾರವಾಡ ಜಿಲ್ಲೆಯಲ್ಲಿದ್ದವು. ಆ ಜಿಲ್ಲೆಗೆ ಹೆಸರು ತಂದ ಕೈಕೆಲಸಗಳಲ್ಲಿ ಕಸೂತಿ ಮುಖ್ಯವಾದುದು. ಸುಗ್ಗಿ ಮುಗಿದು ಹೊಲದಲ್ಲಿ ಕೆಲಸ ಕಡಿಮೆಯಾದಾಗ ಮನೆಯಲ್ಲಿ ಕುಳಿತೇ ನಾಲ್ಕು ಕಾಸು ಗಳಿಸಲು ಇದು ಒಳ್ಳೆಯ ಉಪಕಸುಬು. ಆದರೆ ನಡುವೆ ದಾರ ಹರಿದರೆ ಅಥವಾ ಬಣ್ಣ ಬಿಟ್ಟರೆ ದುಡಿಮೆಯೂ ವ್ಯರ್ಥ, ಗಿರಾಕಿಯ ಸೀರೆಯೂ ಹಾಳು. ಆದ್ದರಿಂದ ದಾರದ ವಿಷಯದಲ್ಲಿ ಮೊದಲೇ ಎಚ್ಚರ ವಹಿಸಬೇಕು.

ದಾರದ ಉದ್ದ: ಕಸೂತಿಯಲ್ಲಿ ಗಂಟು ಹಾಕುವುದಿಲ್ಲ. ಗವಂತಿ ಹೊಲಿಗೆಯಲ್ಲಿ ಹೋಗುವಾಗ ಬಿಟ್ಟ ಜಾಗವನ್ನು ಬರುವಾಗ ತುಂಬುತ್ತ ದಾರ ಹೊರಟಲ್ಲಿಗೇ ಮರಳುತ್ತದೆ. ಹೀಗಾಗಿ ನಕ್ಷೆಯ ಗೆರೆಯ ಎರಡರಷ್ಟು ದಾರ ಬೇಕು. ಗೆರೆ 15 ಸೆಂ.ಮೀ. ಇದ್ದರೆ ಹೋಗಿಬರಲು 30 ಸೆಂ.ಮೀ., ತುದಿ ಮರೆಮಾಡಲು ಮತ್ತು ಸೂಜಿ ಆಡಿಸಲು 15 ಸೆಂ.ಮೀ., ಒಟ್ಟು 45 ಸೆಂ.ಮೀ., ಅಂದರೆ ಸುಮಾರು ಒಂದು ಮೊಳ. ಇದಕ್ಕಿಂತ ಬಹಳ ಉದ್ದವಾದರೆ ದಾರ ಸೂಜಿಯ ಕಣ್ಣಿನಲ್ಲಿ ಉಜ್ಜಿ ಸವೆಯುತ್ತದೆ.

ಪೋಣಿಸುವ ವಿಧಾನ: ಲಡಿಯ ದಾರದಲ್ಲಿ ಸಾಮಾನ್ಯವಾಗಿ 6 ಎಳೆಗಳಿರುತ್ತವೆ. ಎರಡು ಎಳೆ ಬೇಕಾದರೂ ಒಂದೊಂದಾಗಿಯೇ ಬಿಡಿಸಿ ಜೋಡಿಸಬೇಕು. ಹಲ್ಲಿನಿಂದ ಕಡಿಯದೆ ಹರಿತವಾದ ಕತ್ತರಿಯಿಂದ ಓರೆಯಾಗಿ ಕತ್ತರಿಸಬೇಕು. ತುದಿ ಕಾಣುವಷ್ಟೇ ಬಿಟ್ಟು ಎರಡು ಬೆರಳುಗಳ ನಡುವೆ ಬಿಗಿಯಾಗಿ ಹಿಡಿದು, ಸೂಜಿಯ ಕಣ್ಣನ್ನೇ ಅದರ ಮೇಲೆ ತರಬೇಕು. ಹೋಗದಿದ್ದರೆ ಸೂಜಿಯನ್ನು ಹೊರಳಿಸಿ ಇನ್ನೊಂದು ಬದಿಯಿಂದ ಪ್ರಯತ್ನಿಸಬೇಕು. ಹೊಲಿಯುತ್ತ ದಾರಕ್ಕೆ ಹುರಿ ಹೆಚ್ಚಾದರೆ ಸೂಜಿಯನ್ನು ಇಳಿಬಿಡಿ. ಅದು ತಾನೇ ತಿರುಗಿ ಹುರಿ ಸಡಿಲವಾಗುತ್ತದೆ.

ಬಣ್ಣದ ಪರೀಕ್ಷೆ: ದಾರದ ತುಂಡನ್ನು ಒದ್ದೆ ಮಾಡಿದ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡಿ. ಕಲೆ ಬಿದ್ದರೆ ಆ ದಾರ ಬೇಡ.

ಪಂಚ್ ನೀಡಲ್: ಇದರ ಸೂಜಿ ಟೊಳ್ಳು. ಸಣ್ಣ ತಂತಿಯ ಕುಣಿಕೆಯನ್ನು ಮೊನೆಯಿಂದ ತೂರಿಸಿ ಹಿಡಿಯ ಹಿಂದೆ ಹೊರತೆಗೆದು, ಅದರಲ್ಲಿ ದಾರ ಸಿಕ್ಕಿಸಿ ಮೊನೆಯ ಕಡೆಗೆ ಎಳೆಯಬೇಕು. ಬಳಿಕ ದಾರವನ್ನು ಮೊನೆಯ ಬಳಿಯ ಕಣ್ಣಿನಿಂದ ಹೊರತರಬೇಕು. ಉಂಡೆಯಿಂದ ದಾರ ಸಲೀಸಾಗಿ ಬಾರದಿದ್ದರೆ ಹಾಕಿದ ಕುಣಿಕೆಗಳು ಕಿತ್ತುಬರುತ್ತವೆ.

ದಾರದ ಗುಣ ಹತ್ತಿಯ ಎಳೆಯಲ್ಲಿದೆ. ಗಿಡ್ಡ ಎಳೆಯ ದಾರ ಬೇಗ ಜುಂಗು ಏಳುತ್ತದೆ; ಉದ್ದ ಎಳೆಯದು ನುಣುಪು, ಗಟ್ಟಿ. ಧಾರವಾಡದಿಂದ 1972ರಲ್ಲಿ ಬಂದ ವರಲಕ್ಷ್ಮಿ ಮತ್ತು 1981ರ ಡಿ.ಸಿ.ಎಚ್.-32 ಉದ್ದ ಎಳೆಯ ಸಂಕರಣ ಹತ್ತಿಗಳು. ಯಾವ ಹತ್ತಿಯೇ ಇರಲಿ, ಇಬ್ಬನಿ ಆರಿದ ಮೇಲೆ, ಒಣ ಎಲೆ ಸೇರದಂತೆ ಬಿಡಿಸಿದರೆ ದಾರವೂ ಶುಭ್ರವಾಗಿರುತ್ತದೆ.

ಹೊಸದಾಗಿ ಕಲಿಯುವವರು ಸೀರೆಗೆ ಕೈ ಹಾಕುವ ಮೊದಲು, ಎಳೆ ಎಣಿಸಲು ಬರುವ ಮ್ಯಾಟಿ ಬಟ್ಟೆಯ ತುಂಡಿನ ಮೇಲೆ 15 ಸೆಂ.ಮೀ. ಗವಂತಿ ಹಾಕಿ ನೋಡಲಿ. ಹಿಂದೆ ಮುಂದೆ ಒಂದೇ ರೀತಿ ಕಂಡರೆ ಕೈ ಕುದುರಿದೆ ಎಂದು ತಿಳಿಯಬಹುದು.