ಮನೆಯ ಮುದಿ ಬೆಕ್ಕು ಮತ್ತು ನಮ್ಮ ತೀರ್ಮಾನ



ನಿಮ್ಮಲ್ಲಿ ಅನೇಕರ ಮನೆಯಲ್ಲಿ ಬೆಕ್ಕು ಇದ್ದೀತು. ಅದರ ವಯಸ್ಸೆಷ್ಟು? ತೂಕವೆಷ್ಟು? ದಿನಕ್ಕೆ ಎಷ್ಟು ನೀರು ಕುಡಿಯುತ್ತದೆ? ಈ ಮೂರು ಪ್ರಶ್ನೆಗಳಿಗೆ ತಟ್ಟನೆ ಉತ್ತರ ಹೇಳಬಲ್ಲಿರಾ? ನಾನು ವಿಜ್ಞಾನ ಪದವೀಧರ. ದೂರದರ್ಶನಕ್ಕಾಗಿ ಆರೋಗ್ಯದ ಬಗ್ಗೆ, ಪಶುಪಾಲನೆಯ ಬಗ್ಗೆ ಎಷ್ಟೋ ಕಾರ್ಯಕ್ರಮಗಳನ್ನು ತಯಾರಿಸಿದವನು. ಆದರೂ ನಮ್ಮ ಊರಿನ ಮನೆಯ ಬೆಕ್ಕಿನ ವಿಷಯದಲ್ಲಿ ಈ ಮೂರಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರ ಬೇಕಾದದ್ದು ಅದು ಸಾಯುವಂತೆ ಕಂಡ ದಿನ.

ನಮ್ಮೂರು ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿ. ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡರ ಹುಟ್ಟೂರೆಂದು ಈ ಹೆಸರನ್ನು ನೀವು ಕೇಳಿರುತ್ತೀರಿ. ಅಲ್ಲಿ ನಮ್ಮವ್ವನ ಜೊತೆ ಚುಕ್ಕಿ ಎಂಬ ಬೆಕ್ಕು ಹದಿನಾಲ್ಕು ವರ್ಷಗಳಿಂದ ಇತ್ತು. ಅವ್ವ ಅದನ್ನು ಬೆಕ್ಕು ಎನ್ನುವುದಿಲ್ಲ, 'ಕೊತ್ತಿ' ಎನ್ನುತ್ತಾಳೆ. ಅಟ್ಟದ ಮೇಲಿನ ರಾಗಿ ಮೂಟೆಗಳನ್ನು ಇಲಿಯಿಂದ ಕಾಯುವುದು ಅದರ ಕೆಲಸ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆ ನಮ್ಮ ಅಟ್ಟದಲ್ಲಿ ದಿನಾ ನಡೆಯುತ್ತಿತ್ತು. ಆದರೆ ಒಂದು ಬೆಳಿಗ್ಗೆ ಪ್ರಾಣಸಂಕಟ ಬಂದದ್ದು ಬೆಕ್ಕಿಗೇ.

ರಜೆಯಲ್ಲಿ ಊರಿಗೆ ಹೋಗಿದ್ದೆ. ಚುಕ್ಕಿ ಎರಡು ದಿನದಿಂದ ಏನೂ ತಿಂದಿರಲಿಲ್ಲ. ಕೊಟ್ಟಿಗೆಯ ಮೂಲೆಯಲ್ಲಿ ಕುಳಿತಿತ್ತು. ಗದ್ದ ಎದೆಗೆ ತಾಗುವಂತೆ ಕತ್ತು ಬಾಗಿತ್ತು. ಎತ್ತಿ ಹಿಡಿದರೂ ತಲೆ ಮತ್ತೆ ಜೋತು ಬೀಳುತ್ತಿತ್ತು. ಮೈ ಮುಟ್ಟಿದೆ, ಬಿಸಿ ಎನ್ನಿಸಿತು. ಜ್ವರವೆಂದುಕೊಂಡು ನನ್ನ ಚೀಲದಲ್ಲಿದ್ದ ಪ್ಯಾರಾಸಿಟಮಾಲ್ ಮಾತ್ರೆಯನ್ನು ತೆಗೆದು ಅರ್ಧಕ್ಕೆ ಮುರಿದೆ. ಪಿಯುಸಿ ಓದುತ್ತಿರುವ ನನ್ನ ಅಣ್ಣನ ಮಗ, 'ಚಿಕ್ಕಪ್ಪ, ಒಂದು ಮಾತು ಡಾಕ್ಟರನ್ನ ಕೇಳಿ ಕೊಡೋಣ' ಎಂದ. ಫೋನ್ ಮಾಡಿದೆ. ಆ ಕಡೆಯಿಂದ ಬಂದ ಮೊದಲ ಮಾತು: 'ಕೊಟ್ಟಿಲ್ಲ ತಾನೆ?'

ಏಕೆಂದು ಕೇಳಿ. ನಾವು ಪ್ಯಾರಾಸಿಟಮಾಲ್ ನುಂಗಿದಾಗ ನಮ್ಮ ಯಕೃತ್ತು ಅದರ ಬಹುಭಾಗಕ್ಕೆ ಸಕ್ಕರೆಯಿಂದಾದ ಒಂದು ಆಮ್ಲವನ್ನು ಜೋಡಿಸಿ ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಆ ಜೋಡಣೆಗೆ ಬೇಕಾದ ಕಿಣ್ವ ಬೆಕ್ಕಿನಲ್ಲಿ ಬಹಳ ಕಡಿಮೆ. ಬರೀ ಮಾಂಸ ತಿಂದು ಬೆಳೆದ ವಂಶಕ್ಕೆ ಗಿಡಮೂಲಿಕೆಗಳ ವಿಷವನ್ನು ಕಳೆದುಕೊಳ್ಳುವ ಅಗತ್ಯ ಬೀಳಲಿಲ್ಲ, ಹಾಗಾಗಿ ಆ ಕಿಣ್ವ ಕ್ಷೀಣಿಸಿತು ಎಂದು ವಿಜ್ಞಾನಿಗಳು ಭಾವಿಸುತ್ತಾರೆ. ಹೊರಹೋಗದೆ ಉಳಿದ ಔಷಧಿ ವಿಷವಾಗಿ, ರಕ್ತದ ಹಿಮೋಗ್ಲೋಬಿನ್ ಆಮ್ಲಜನಕ ಹೊರುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಐನೂರು ಮಿಲಿಗ್ರಾಂನ ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು. ಪದವಿಯಲ್ಲಿ ಕಿಣ್ವಗಳ ಪಾಠ ಓದಿದ ನಾನು ಆ ಅರ್ಧ ಮಾತ್ರೆಯನ್ನು ಕೈಯಲ್ಲಿ ಹಿಡಿದು ನಿಂತಿದ್ದೆ. ಇದನ್ನು ನಿಮಗೆ ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ಮನುಷ್ಯರ ಯಾವ ಮಾತ್ರೆಯನ್ನೂ ವೈದ್ಯರನ್ನು ಕೇಳದೆ ಬೆಕ್ಕಿಗೆ ಕೊಡಬೇಡಿ.

ಇನ್ನು ಹಾಸನಕ್ಕೆ ಹೊರಡಬೇಕು. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ, ಪಶುವೈದ್ಯರ ಕೊರತೆಯಿಲ್ಲ. ಆದರೆ ಅವ್ವ ಒಪ್ಪಲಿಲ್ಲ. 'ವಯಸ್ಸಾಯ್ತು ಬಿಡು ಮಗಾ. ಹಸ ಎಮ್ಮೆಯಾದ್ರೆ ಸರಿ. ಕೊತ್ತಿಗೆ ಕಾರು ಮಾಡ್ಕೊಂಡು ಹೋದ್ರೆ ಊರವರು ನಗ್ತಾರೆ. ಸಾಯೋ ಕಾಲದಲ್ಲಿ ಅದಕ್ಕೆ ಸೂಜಿ ಚುಚ್ಚಿಸಿ ಹಿಂಸೆ ಕೊಡ್ತೀಯಾ?' ಎಂದಳು. ನನ್ನದು ಇದಕ್ಕೆ ಉಲ್ಟಾ: ಹಾಸನ ಬೇಡ, ನೇರ ಬೆಂಗಳೂರಿಗೇ ಒಯ್ದು ಎಲ್ಲ ಪರೀಕ್ಷೆಗಳನ್ನೂ ಮಾಡಿಸೋಣ ಎಂದೆ. ಇಬ್ಬರಿಗೂ ಬೆಕ್ಕಿನ ಮೇಲೆ ಪ್ರೀತಿಯಿತ್ತು. ಇಬ್ಬರಿಗೂ ರೋಗ ಏನೆಂದು ಗೊತ್ತಿರಲಿಲ್ಲ. ರೋಗ ಗೊತ್ತಿಲ್ಲದೆ 'ಬಿಟ್ಟುಬಿಡು' ಎನ್ನುವುದೂ 'ಎಲ್ಲ ಮಾಡಿಸು' ಎನ್ನುವುದೂ ಒಂದೇ ಬಗೆಯ ಆತುರ. ಕೊನೆಗೆ, ರೋಗವೇನೆಂದು ತಿಳಿದುಕೊಂಡು ಬರೋಣ, ಆಮೇಲಿನದ್ದು ಆಮೇಲೆ ಎಂದು ಅವ್ವನನ್ನೂ ಕೂರಿಸಿಕೊಂಡು ಹೊರಟೆ. ತರಕಾರಿ ಬುಟ್ಟಿಗೆ ಹಳೆಯ ಸೀರೆ ಹಾಸಿ ಚುಕ್ಕಿಯನ್ನು ಮಲಗಿಸಿ ಮೇಲೊಂದು ಬುಟ್ಟಿ ಕಟ್ಟಿದೆವು.

ವೈದ್ಯರು ಮೊದಲು ಮಾಡಿದ್ದು ತೂಕ. ಮೂರು ಕಿಲೋ. ರೇಬಿಸ್ ಲಸಿಕೆಯ ಹಳೆಯ ಚೀಟಿಯಲ್ಲಿ ನಾಲ್ಕು ಕಿಲೋ ಎಂದಿತ್ತು. ಒಂದೇ ಕಿಲೋ ತಾನೆ ಎಂದೆವು. ವೈದ್ಯರು ಲೆಕ್ಕ ಹೇಳಿದರು: ಅರವತ್ತು ಕಿಲೋ ತೂಗುವವನು ನಲವತ್ತೈದಕ್ಕೆ ಇಳಿದಂತೆ! ನಮ್ಮ ಮನೆಯವನೇ ಹಾಗೆ ಇಳಿದಿದ್ದರೆ ನಾವು ಸುಮ್ಮನಿರುತ್ತಿದ್ದೆವೆ? ನೀರು ಹೆಚ್ಚು ಕುಡಿಯುತ್ತಿತ್ತೆ ಎಂದು ಕೇಳಿದರು. ಆಗ ಅವ್ವನಿಗೆ ನೆನಪಾಯಿತು: ಆರು ತಿಂಗಳಿಂದ ಅದು ಕಲಗಚ್ಚಿನ ಬಾನಿಗೆ ಬಾಯಿ ಹಾಕುತ್ತಿತ್ತು.

ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ 5.6 ಮಿಲಿಗ್ರಾಂ ಎಂದು ಬಂತು. ಮೂತ್ರಪಿಂಡ ಸೋತಿತ್ತು. ಪೊಟ್ಯಾಸಿಯಂ ಬಹಳ ಇಳಿದಿತ್ತು. ಕತ್ತು ಬಾಗಿದ್ದಕ್ಕೆ ಕಾರಣ ಅದೇ. ಸೋತ ಮೂತ್ರಪಿಂಡ ಪೊಟ್ಯಾಸಿಯಂ ಅನ್ನು ಮೂತ್ರದಲ್ಲಿ ಹರಿಯಬಿಟ್ಟಾಗ ಸ್ನಾಯುಗಳು ಬಲ ಕಳೆದುಕೊಳ್ಳುತ್ತವೆ, ಬೆಕ್ಕಿಗೆ ತಲೆ ಎತ್ತಲೂ ಆಗುವುದಿಲ್ಲ. ನಾವು ಸಾವಿನ ಗುರುತು ಎಂದುಕೊಂಡದ್ದು ಒಂದು ಲವಣದ ಕೊರತೆ.

ಇಲ್ಲಿ ಸ್ವಲ್ಪ ಜೀವವಿಜ್ಞಾನ ನೋಡೋಣ. ನಮ್ಮ ಒಂದೊಂದು ಮೂತ್ರಪಿಂಡದಲ್ಲಿ ಸುಮಾರು ಹತ್ತು ಲಕ್ಷ ನೆಫ್ರಾನ್‌ಗಳಿವೆ. ಬೆಕ್ಕಿಗೆ ಸುಮಾರು ಎರಡು ಲಕ್ಷ. ಸಾಕುಬೆಕ್ಕಿನ ಪೂರ್ವಜರು ಒಣನೆಲದ ಕಾಡುಬೆಕ್ಕುಗಳು. ಅವು ನೀರು ಉಳಿಸಲು ಮೂತ್ರವನ್ನು ಬಹಳ ಗಟ್ಟಿಮಾಡಬಲ್ಲವು. ನೆಫ್ರಾನ್‌ಗಳಲ್ಲಿ ಮೂರನೇ ಎರಡು ಭಾಗ ಹಾಳಾದಾಗ ಈ ಶಕ್ತಿ ಹೋಗುತ್ತದೆ. ಮೂತ್ರ ನೀರಾಗುತ್ತದೆ, ಬಾಯಾರಿಕೆ ಹೆಚ್ಚುತ್ತದೆ. ರಕ್ತದಲ್ಲಿ ಕ್ರಿಯಾಟಿನಿನ್ ಸ್ಪಷ್ಟವಾಗಿ ಏರುವಷ್ಟರಲ್ಲಿ ಸುಮಾರು ಮುಕ್ಕಾಲು ಭಾಗ ಹೋಗಿರುತ್ತದೆ. ಅಂದರೆ ನಮ್ಮ ಬೆಕ್ಕು ಬಾನಿಯ ಬಳಿ ನಿಂತು ಆರು ತಿಂಗಳಿಂದ ತನ್ನ ರೋಗವನ್ನು ನಮಗೆ ತೋರಿಸುತ್ತಲೇ ಇತ್ತು. ನೋಡುವವರು ಇರಲಿಲ್ಲ.

ಅಂತರರಾಷ್ಟ್ರೀಯ ಪಶುವೈದ್ಯ ತಜ್ಞರ 'ಐರಿಸ್' ಎಂಬ ಮಂಡಳಿ ಈ ರೋಗವನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದೆ. ಬೆಕ್ಕಿನಲ್ಲಿ ಕ್ರಿಯಾಟಿನಿನ್ 5ಕ್ಕಿಂತ ಮೇಲಾದರೆ ನಾಲ್ಕನೆಯ, ಅಂದರೆ ಕೊನೆಯ ಹಂತ. 5.6 ಎಂದು ಕೇಳಿದ ಕೂಡಲೇ ನನ್ನ ಕೈಕಾಲು ತಣ್ಣಗಾದವು. ಹಾಗಾದರೆ ನೋವಿಲ್ಲದೆ ಕಳಿಸಿಕೊಟ್ಟುಬಿಡಿ ಎನ್ನಲು ಬಾಯಿ ತೆರೆದಿದ್ದೆ. ವೈದ್ಯರು ತಡೆದರು. ಮೈಯಲ್ಲಿ ನೀರಿಲ್ಲದಾಗ ರಕ್ತದ ಕ್ರಿಯಾಟಿನಿನ್ ಇರಬೇಕಾದ್ದಕ್ಕಿಂತ ಹೆಚ್ಚು ಕಾಣುತ್ತದೆ, ನೀರು ತುಂಬಿ ಮತ್ತೆ ಅಳೆದ ಮೇಲೆಯೇ ಹಂತ ಹೇಳಬೇಕು ಎಂದರು. ಮೂರು ದಿನ ಸಲೈನ್ ಮತ್ತು ಪೊಟ್ಯಾಸಿಯಂ ಕೊಟ್ಟರು. ಕತ್ತು ಮೇಲೆದ್ದಿತು. ನಾಲ್ಕನೆಯ ದಿನ ಕ್ರಿಯಾಟಿನಿನ್ 3.4. ಅದು ಮೂರನೆಯ ಹಂತ. ಈ ಹಂತದ ಬೆಕ್ಕುಗಳು ತಿಂಗಳುಗಟ್ಟಲೆ, ಕೆಲವು ವರ್ಷಕ್ಕೂ ಮೀರಿ ನೆಮ್ಮದಿಯಾಗಿ ಬಾಳುವುದುಂಟು. ಗಾಬರಿಯ ದಿನ ಬಂದ ಒಂದೇ ಅಂಕಿಯನ್ನು ನಂಬಿ ತೀರ್ಮಾನಿಸಿದ್ದರೆ ಏನಾಗುತ್ತಿತ್ತೆಂದು ಯೋಚಿಸಿ. ಪ್ರಯೋಗಾಲಯದಲ್ಲಿ ಒಂದೇ ರೀಡಿಂಗ್ ತೆಗೆದುಕೊಳ್ಳಬೇಡಿ ಎಂದು ನಿಮ್ಮ ಮೇಷ್ಟ್ರು ಹೇಳುವುದು ಸುಮ್ಮನಲ್ಲ.

ಮುಂದೆ ಏನು? ಮಾಡಬಹುದಾದದ್ದಕ್ಕೆ ಕೊನೆಯಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್‌ನಲ್ಲಿ 1987ರಲ್ಲಿಯೇ ಬೆಕ್ಕುಗಳಿಗೆ ಮೂತ್ರಪಿಂಡ ಕಸಿ ಆರಂಭವಾಗಿತ್ತು. ಆದರೆ ಮಾಡಬಹುದು ಎನ್ನುವುದು ಬೇರೆ, ಮಾಡಬೇಕೆ ಎನ್ನುವುದು ಬೇರೆ. ನಾವು ವೈದ್ಯರನ್ನು ನಾಲ್ಕು ಪ್ರಶ್ನೆ ಕೇಳಿದೆವು. ಈ ರೋಗ ವಾಸಿಯಾಗುತ್ತದೆಯೋ, ಹತೋಟಿಯಲ್ಲಿ ಮಾತ್ರ ಇಡಬಹುದೋ? ಈ ಪರೀಕ್ಷೆಯ ಫಲಿತಾಂಶದಿಂದ ಚಿಕಿತ್ಸೆ ಬದಲಾಗುತ್ತದೆಯೇ? ಚಿಕಿತ್ಸೆಯ ದಿನಗಳು ಬೆಕ್ಕಿನ ಪಾಲಿಗೆ ಹೇಗಿರುತ್ತವೆ? ಮನೆಯಲ್ಲಿ ಇದನ್ನು ಮಾಡುವವರು ಯಾರು, ಖರ್ಚೆಷ್ಟು? ಖರ್ಚು ಕೇಳುವುದಕ್ಕೆ ಸಂಕೋಚ ಬೇಡ. ಎಷ್ಟು ದಿನ ನಡೆಸಬಲ್ಲೆವು ಎಂದು ತಿಳಿದು ಮಾಡುವ ಸಣ್ಣ ಚಿಕಿತ್ಸೆ, ಅರ್ಧಕ್ಕೆ ನಿಲ್ಲುವ ದೊಡ್ಡ ಚಿಕಿತ್ಸೆಗಿಂತ ಮೇಲು.

ಉತ್ತರ ಸಿಕ್ಕ ಮೇಲೆ ತೀರ್ಮಾನ ಕಷ್ಟವಾಗಲಿಲ್ಲ. ವಾಸಿಯಾಗುವುದಿಲ್ಲ, ಹತೋಟಿಯಲ್ಲಿಡಬಹುದು. ರಕ್ತದ ಒತ್ತಡ ನೋಡಬೇಕು, ಏಕೆಂದರೆ ಅದು ಏರಿದರೆ ಬೆಕ್ಕು ಕುರುಡಾಗಬಹುದು ಮತ್ತು ಅದಕ್ಕೆ ಮಾತ್ರೆಯಿದೆ. ಉಳಿದ ದೊಡ್ಡ ಪರೀಕ್ಷೆಗಳಿಂದ ಚುಕ್ಕಿಯ ಚಿಕಿತ್ಸೆಯಲ್ಲಿ ಏನೂ ಬದಲಾಗುತ್ತಿರಲಿಲ್ಲ, ಅವನ್ನು ಬಿಟ್ಟೆವು. ಬೆಂಗಳೂರಿನ ಯೋಚನೆಯನ್ನೂ ಬಿಟ್ಟೆ. ರಂಜಕ ಕಡಿಮೆಯಿರುವ ಆಹಾರ, ಪೊಟ್ಯಾಸಿಯಂ, ಎರಡು ದಿನಕ್ಕೊಮ್ಮೆ ಭುಜದ ಚರ್ಮದಡಿ ಸಲೈನ್. ಅಣ್ಣನ ಮಗ ಸಲೈನ್ ಹಾಕುವುದನ್ನು ವೈದ್ಯರಿಂದ ಕಲಿತ. ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದ. ಮಲಗಿದ್ದಾಗ ನಿಮಿಷಕ್ಕೆ ಎಷ್ಟು ಉಸಿರು ಎಂದೂ ಎಣಿಸುತ್ತಿದ್ದ. ಆರೋಗ್ಯವಾಗಿರುವ ಬೆಕ್ಕಿಗೆ ಅದು ಮೂವತ್ತಕ್ಕಿಂತ ಕಡಿಮೆ ಇರಬೇಕು.

ಹಾಸನದಿಂದ ವಾಪಸು ಬರುವಾಗ ಕಾರಿನಲ್ಲಿ ಅವ್ವ ಬಹಳ ಹೊತ್ತು ಮಾತಾಡಲಿಲ್ಲ. 'ವಯಸ್ಸು ಅನ್ನೋದು ಕಾಯಿಲೆ ಅಲ್ಲ ಅಂದ್ರಲ್ಲ ಡಾಕ್ಟ್ರು' ಎಂದಳು. ಸ್ವಲ್ಪ ದೂರ ಹೋದ ಮೇಲೆ, 'ನಂಗೂ ಮೆಟ್ಟಿಲು ಹತ್ತಿದ್ರೆ ಉಸಿರು ಕಟ್ತದೆ ಮಗಾ. ವಯಸ್ಸಾಯ್ತು ಅಂತ ಸುಮ್ನಿದ್ದೆ' ಎಂದಳು. ಮಾರನೆಯ ವಾರ ಅವಳನ್ನೂ ವೈದ್ಯರಲ್ಲಿಗೆ ಕರೆದುಕೊಂಡು ಹೋದೆ. ಈಗ ದಿನಾ ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುತ್ತಾಳೆ.

ಚುಕ್ಕಿ ಮುಂದೆ ಹನ್ನೊಂದು ತಿಂಗಳು ಬದುಕಿತು. ಅಟ್ಟ ಹತ್ತಲಿಲ್ಲ, ಒಲೆಯ ಪಕ್ಕದಲ್ಲಿ ಮಲಗುತ್ತಿತ್ತು. ಪಶುವೈದ್ಯೆ ಆಲಿಸ್ ವಿಲ್ಲಲೋಬೋಸ್ ಅವರು 2004ರಲ್ಲಿ ಮುಂದಿಟ್ಟ ಒಂದು ಅಳತೆಗೋಲಿದೆ. ನೋವು, ಹಸಿವು, ಮೈಯ ನೀರು, ಶುಚಿ, ಸಂತೋಷ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚೇ ಎಂಬುದು, ಈ ಏಳಕ್ಕೂ ಹತ್ತರಲ್ಲಿ ಅಂಕ. ನೋವು ಹತೋಟಿಯಲ್ಲಿದ್ದಷ್ಟೂ ಅಂಕ ಹೆಚ್ಚು. ಒಟ್ಟು ಮೂವತ್ತೈದಕ್ಕಿಂತ ಮೇಲಿದ್ದರೆ ಆರೈಕೆ ಮುಂದುವರಿಸಬಹುದು. ಹುಡುಗ ಅದನ್ನೂ ಬರೆಯುತ್ತಿದ್ದ. ಹನ್ನೊಂದನೆಯ ತಿಂಗಳಲ್ಲಿ ಅಂಕ ಇಪ್ಪತ್ತಕ್ಕೆ ಇಳಿದು ಮೇಲೇಳಲಿಲ್ಲ. ಸಲೈನ್ ಕೊಟ್ಟರೂ ವಾಂತಿ ನಿಲ್ಲಲಿಲ್ಲ. ಅವನು ನೋಟ್‌ಬುಕ್ ಓದಿ ಹೇಳಿದಾಗ ಅವ್ವನೇ, 'ಸಾಕು ಕಣಪ್ಪ, ನಮ್ಮ ಆಸೆಗೆ ಅದನ್ನ ನೋಯಿಸೋದು ಬೇಡ' ಎಂದಳು. ವೈದ್ಯರು ಮನೆಗೆ ಬಂದು ದಯಾಮರಣದ ಚುಚ್ಚುಮದ್ದು ಕೊಟ್ಟರು. ಚುಕ್ಕಿ ಅವ್ವನ ಮಡಿಲಲ್ಲಿತ್ತು. ಹಿತ್ತಲ ತೆಂಗಿನ ಬುಡದಲ್ಲಿ ಮಣ್ಣು ಮಾಡಿದೆವು.

ಮುದಿ ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿ ಹೊಳೆಯಾಚೆ ಬಿಟ್ಟುಬರುವ ರೂಢಿ ನಮ್ಮ ಕಡೆ ಇನ್ನೂ ಪೂರ್ತಿ ಹೋಗಿಲ್ಲ. ಸಾಕಿದ ಪ್ರಾಣಿಯನ್ನು ಹಸಿವು ನೀರಡಿಕೆಗೆ ಗುರಿಯಾಗುವಂತೆ ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಬೆಕ್ಕು ಒಂದು ದಿನಕ್ಕಿಂತ ಹೆಚ್ಚು ಉಪವಾಸವಿದ್ದರೆ ಕಾಯಬೇಡಿ, ಅದರ ಯಕೃತ್ತಿನಲ್ಲಿ ಕೊಬ್ಬು ತುಂಬಿ ಹೊಸ ರೋಗ ಬರುತ್ತದೆ. ಗಂಡುಬೆಕ್ಕು ತಿಣುಕಿದರೂ ಮೂತ್ರ ಬರದಿದ್ದರೆ ಗಂಟೆಗಳ ಲೆಕ್ಕದಲ್ಲಿ ವೈದ್ಯರಲ್ಲಿಗೆ ಒಯ್ಯಿರಿ.

ಈ ಲೇಖನ ಓದಿ ಮುಗಿಸಿದ ಮೇಲೆ ಒಂದು ಹಳೆಯ ನೋಟ್‌ಬುಕ್ ತೆಗೆದುಕೊಳ್ಳಿ. ನಿಮ್ಮ ಬೆಕ್ಕನ್ನೋ ನಾಯಿಯನ್ನೋ ತೂಗಿ ಇವತ್ತಿನ ತಾರೀಖಿನೊಂದಿಗೆ ಬರೆಯಿರಿ. ಮುಂದಿನ ತಿಂಗಳು ಮತ್ತೆ ಬರೆಯಿರಿ. ನಾವು ಮೊದಲೇ ಹಾಗೆ ಮಾಡಿದ್ದರೆ ಬಾನಿಯ ಬಳಿ ಕಳೆದುಹೋದ ಆ ಆರು ತಿಂಗಳು ಚುಕ್ಕಿಗೆ ಸಿಗುತ್ತಿದ್ದವು.